ಲಿಗೀಯಾ: ಮೊದಲ ಸ್ಥಾನಕ್ಕೆ ಕಪ್ ಸಿಗದ ಲೀಗ್

ಕೇಳುಗರಿಗೆ ನಮಸ್ಕಾರ.

ಇವತ್ತು ಮೆಕ್ಸಿಕೋದ ಫುಟ್‌ಬಾಲ್ ಬಗ್ಗೆ ಮಾತಾಡೋಣ. ಅದರಲ್ಲೂ ಅಲ್ಲಿನ ಲೀಗಿನ ಕೊನೆಯ ಕೆಲವು ವಾರಗಳ ಬಗ್ಗೆ. ಆ ವಾರಗಳಿಗೆ ಅಲ್ಲಿನವರು ಲಿಗೀಯಾ ಅನ್ನುತ್ತಾರೆ. ಗೆದ್ದವರು ಮುಂದಕ್ಕೆ, ಸೋತವರು ಮನೆಗೆ. ನಾಕೌಟ್ ಹಂತ.

ಇಂಗ್ಲೆಂಡ್, ಸ್ಪೇನ್ ಲೀಗ್‌ಗಳನ್ನು ನೋಡುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ಅಲ್ಲಿ ಸೀಸನ್ ಮುಗಿದ ದಿನ ಪಟ್ಟಿಯಲ್ಲಿ ಯಾರು ಮೇಲಿರುತ್ತಾರೋ ಅವರಿಗೇ ಕಪ್. ಮೆಕ್ಸಿಕೋದ ಲೀಗಾ ಎಂಎಕ್ಸ್‌ನಲ್ಲಿ ಹಾಗಲ್ಲ. ಮೊದಲ ಸ್ಥಾನ ಪಡೆದ ತಂಡವನ್ನು ಸೂಪರ್ ಲೀಡರ್ ಅಂತ ಕರೆಯುತ್ತಾರೆ. ಪತ್ರಿಕೆಗಳು ಹೊಗಳುತ್ತವೆ. ಕಪ್ ಮಾತ್ರ ಕೊಡುವುದಿಲ್ಲ. ಕಪ್ ಬೇಕಾದರೆ ಇನ್ನೂ ಮೂರು ಎದುರಾಳಿಗಳನ್ನು ಸೋಲಿಸಬೇಕು.

ಇದು ಶುರುವಾಗಿದ್ದು 1970-71ರ ಸೀಸನ್‌ನಲ್ಲಿ. ಮೆಕ್ಸಿಕೋ ಆಗಷ್ಟೇ ವಿಶ್ವಕಪ್ ನಡೆಸಿ ಮುಗಿಸಿತ್ತು. ಲೀಗಿನ ತಂಡಗಳನ್ನು ಎರಡು ಗುಂಪು ಮಾಡಿದರು. ಎರಡೂ ಗುಂಪಿನ ಮೊದಲಿಗರ ನಡುವೆ ಫೈನಲ್ ಇಟ್ಟರು. ತೊಲೂಕಾ ತಂಡವನ್ನು ಸೋಲಿಸಿ ಅಮೆರಿಕಾ ಗೆದ್ದಿತು. ಅಮೆರಿಕಾ ಅಂದರೆ ಇಲ್ಲಿ ದೇಶವಲ್ಲ, ಮೆಕ್ಸಿಕೋ ನಗರದ ಕ್ಲಬ್. ಈ ಹೆಸರು ಮುಂದೆಯೂ ಬರುತ್ತದೆ, ನೆನಪಿರಲಿ. 1996ರಲ್ಲಿ ಇನ್ನೊಂದು ಬದಲಾವಣೆ ಆಯಿತು. ಉದ್ದದ ಸೀಸನ್ ಅನ್ನು ಎರಡು ಚಿಕ್ಕ ಟೂರ್ನಿಗಳಾಗಿ ಒಡೆದರು. ಜುಲೈಯಿಂದ ಡಿಸೆಂಬರ್‌ವರೆಗೆ ಒಂದು, ಅದಕ್ಕೆ ಈಗ ಅಪೆರ್ತುರಾ ಎಂದು ಹೆಸರು. ಜನವರಿಯಿಂದ ಮೇವರೆಗೆ ಇನ್ನೊಂದು, ಅದು ಕ್ಲೌಸುರಾ. ಹೀಗಾಗಿ ವರ್ಷಕ್ಕೆ ಇಬ್ಬರು ಚಾಂಪಿಯನ್ನರು, ಎರಡು ಲಿಗೀಯಾ. ಟಿವಿಯವರಿಗೂ ಟಿಕೆಟ್ ಮಾರುವವರಿಗೂ ಖುಷಿ. ಇದರಲ್ಲಿ ದುಡ್ಡಿನ ಲೆಕ್ಕ ಇಲ್ಲ ಅಂತ ಯಾರೂ ಅಲ್ಲಿ ನಟಿಸುವುದಿಲ್ಲ.

ಈಗ ನಿಯಮ ನೋಡೋಣ. ಒಟ್ಟು 18 ತಂಡ. ಪ್ರತಿ ತಂಡ ಉಳಿದ 17 ತಂಡಗಳ ಜೊತೆ ಒಂದೊಂದು ಪಂದ್ಯ ಆಡುತ್ತದೆ. 2023ರ ಅಪೆರ್ತುರಾದಿಂದ 2025ರ ಅಪೆರ್ತುರಾವರೆಗೆ ನಡೆದ ಪದ್ಧತಿಯಲ್ಲಿ ಮೊದಲ ಆರು ತಂಡಗಳು ನೇರವಾಗಿ ಕ್ವಾರ್ಟರ್ ಫೈನಲ್‌ಗೆ ಹೋಗುತ್ತಿದ್ದವು. ಏಳರಿಂದ ಹತ್ತನೇ ಸ್ಥಾನದವರು ಪ್ಲೇ-ಇನ್ ಎಂಬ ಚಿಕ್ಕ ಜರಡಿಯಲ್ಲಿ ಬಿದ್ದು, ಇಬ್ಬರು ಮೇಲೆ ಬರುತ್ತಿದ್ದರು. ಹದಿನೆಂಟರಲ್ಲಿ ಹತ್ತು ತಂಡಗಳಿಗೆ ಆಸೆ ಉಳಿಸುವುದು ಸ್ವಲ್ಪ ಅತಿಯಾಯಿತು ಅಂತ ನನ್ನ ಅಭಿಪ್ರಾಯ. ಅರ್ಧಕ್ಕಿಂತ ಜಾಸ್ತಿ ಮಂದಿ ಪಾಸು ಅಂದರೆ ಪರೀಕ್ಷೆ ಯಾಕೆ, ಅಲ್ವಾ?

ಕ್ವಾರ್ಟರ್ ಫೈನಲ್‌ನಿಂದ ಮುಂದೆ ಎಲ್ಲವೂ ಎರಡೆರಡು ಪಂದ್ಯ. ಒಂದು ಅವರ ಊರಲ್ಲಿ, ಒಂದು ಇವರ ಊರಲ್ಲಿ. ಎರಡರ ಗೋಲು ಕೂಡಿಸಿ ಯಾರದು ಜಾಸ್ತಿಯೋ ಅವರು ಮುಂದಕ್ಕೆ. ಕೂಡಿಸಿದಾಗ ಸಮ ಬಂದರೆ? ಇಲ್ಲೇ ಇರುವುದು ಮಜಾ. ಕ್ವಾರ್ಟರ್ ಫೈನಲ್, ಸೆಮಿಫೈನಲ್ ಎರಡರಲ್ಲೂ ಹೆಚ್ಚುವರಿ ಸಮಯ ಇಲ್ಲ, ಪೆನಾಲ್ಟಿ ಇಲ್ಲ. ಲೀಗ್ ಪಟ್ಟಿಯಲ್ಲಿ ಮೇಲಿದ್ದ ತಂಡ ಮುಂದೆ ಹೋಗುತ್ತದೆ, ಅಷ್ಟೇ. ಎರಡನೇ ಪಂದ್ಯ ನಡೆಯುವುದೂ ಅದೇ ತಂಡದ ಅಂಗಳದಲ್ಲಿ. ಅಂದರೆ ಹದಿನೇಳು ಪಂದ್ಯಗಳ ಬೆವರಿಗೆ ಸಿಗುವ ಕೂಲಿ ಇದು: ಸಮ ಮಾಡಿಕೊಂಡರೆ ಸಾಕು. ಆದರೆ ಫೈನಲ್ ತಲುಪಿದ ಕೂಡಲೇ ಈ ಸವಲತ್ತು ಮಾಯ. ಅಲ್ಲಿ ಸಮ ಆದರೆ ಅರ್ಧ ಗಂಟೆ ಹೆಚ್ಚುವರಿ ಆಟ, ಆಮೇಲೆ ಪೆನಾಲ್ಟಿ.

ಈ ನಿಯಮ ಮೈದಾನದಲ್ಲಿ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಬೇಕಾದರೆ ಕ್ರುಸ್ ಅಸುಲ್ ತಂಡದ ಕಥೆ ಕೇಳಬೇಕು. ಲಿಗೀಯಾ ಒಂದು ತಂಡಕ್ಕೆ ಏನೇನು ಮಾಡಬಹುದೋ ಅದೆಲ್ಲ ಇವರಿಗೆ ಮಾಡಿದೆ.

ಸಿಮೆಂಟ್ ಕಂಪನಿಯೊಂದರ ಕೆಲಸಗಾರರ ತಂಡವಾಗಿ ಹುಟ್ಟಿದ ಕ್ಲಬ್ ಇದು. ಕಂಪನಿಯ ಹೆಸರೇ ತಂಡದ ಹೆಸರು. 1997ರ ಡಿಸೆಂಬರ್‌ನಲ್ಲಿ ಲೆಯೋನ್ ವಿರುದ್ಧ ಫೈನಲ್ ಆಡಿದರು. ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯಿತು. ಆಗ ಗೋಲ್ಡನ್ ಗೋಲ್ ನಿಯಮ ಇತ್ತು, ಮೊದಲು ಗೋಲು ಹೊಡೆದವರು ಗೆದ್ದಂತೆ. ಲೆಯೋನ್ ಗೋಲ್‌ಕೀಪರ್ ಕೊಮಿಸೊ, ಕ್ರುಸ್ ಅಸುಲ್‌ನ ಕಾರ್ಲೋಸ್ ಎರ್ಮೊಸೀಯೊ ಮುಖಕ್ಕೆ ಒದ್ದುಬಿಟ್ಟ. ರೆಫರಿ ಪೆನಾಲ್ಟಿ ಕೊಟ್ಟರು. ಮುಖದಲ್ಲಿ ರಕ್ತ ಇಳಿಯುತ್ತಿರುವಾಗಲೇ ಎರ್ಮೊಸೀಯೊ ಚೆಂಡು ಇಟ್ಟು ಒದ್ದ. ಗೋಲು. ಕಪ್ ಬಂತು.

ಆಮೇಲೆ 23 ವರ್ಷ ಲೀಗ್ ಕಪ್ ಬರಲಿಲ್ಲ. ತಂಡ ಕೆಟ್ಟದಾಗಿತ್ತು ಅಂದುಕೊಳ್ಳಬೇಡಿ. ಈ ನಡುವೆ ಆರು ಫೈನಲ್ ಆಡಿದರು. ಆರೂ ಸೋತರು. ಪಚೂಕಾ, ಸಾಂತೋಸ್, ತೊಲೂಕಾ, ಮೊಂತೆರೇ ತಂಡಗಳ ಕೈಲಿ ಒಂದೊಂದು ಸಲ, ಅಮೆರಿಕಾ ಕೈಲಿ ಎರಡು ಸಲ.

ಅದರಲ್ಲಿ 2013ರ ಮೇ 26ರ ರಾತ್ರಿಯ ಬಗ್ಗೆ ಹೇಳಲೇಬೇಕು. ಅಸ್ತೆಕಾ ಕ್ರೀಡಾಂಗಣ, ಧೋ ಅಂತ ಮಳೆ. ಎದುರಿಗೆ ಅಮೆರಿಕಾ, ಅದೇ ನಗರದ ಎದುರಾಳಿ. ಮೊದಲ ಪಂದ್ಯವನ್ನು ಕ್ರುಸ್ ಅಸುಲ್ 1-0 ಗೆದ್ದಿತ್ತು. ಎರಡನೇ ಪಂದ್ಯ ಶುರುವಾಗಿ ಕಾಲು ಗಂಟೆ ಕಳೆಯುವುದರೊಳಗೆ ಅಮೆರಿಕಾದ ಮೋಲಿನಾಗೆ ಕೆಂಪು ಕಾರ್ಡ್. ಹತ್ತೇ ಜನ ಉಳಿದರು. ಸ್ವಲ್ಪ ಹೊತ್ತಿಗೆ ಕೊಲಂಬಿಯಾದ ತೆಯೋಫಿಲೊ ಗುತ್ಯೆರೆಸ್ ಕ್ರುಸ್ ಅಸುಲ್‌ಗೆ ಗೋಲು ಹೊಡೆದ. ಒಟ್ಟು 2-0. ಎದುರಾಳಿಯಲ್ಲಿ ಒಬ್ಬ ಕಡಿಮೆ. ಇನ್ನೇನು ಬೇಕು?

ಪಂದ್ಯ ಮುಗಿಯುವ ಹೊತ್ತು. ಅಮೆರಿಕಾಗೆ ಕಾರ್ನರ್ ಸಿಕ್ಕಿತು. ಮೊಸ್ಕೇರಾ ತಲೆಯಿಂದ ಒಂದು ಗೋಲು ಹಾಕಿದ. ಒಟ್ಟು 2-1. ಹೆಚ್ಚುವರಿ ನಿಮಿಷಗಳು ಓಡುತ್ತಿವೆ. ಮತ್ತೊಂದು ಕಾರ್ನರ್. ಈ ಸಲ ಅಮೆರಿಕಾದ ಗೋಲ್‌ಕೀಪರ್ ಮೊಯ್ಸೇಸ್ ಮುನ್ಯೋಸ್ ತನ್ನ ಗೋಲು ಖಾಲಿ ಬಿಟ್ಟು ಈ ತುದಿಗೆ ಓಡಿ ಬಂದ. ಚೆಂಡು ಬಂತು. ಮುನ್ಯೋಸ್ ಹಾರಿ ತಲೆ ಕೊಟ್ಟ. ಚೆಂಡು ಎದುರಾಳಿಯೊಬ್ಬನಿಗೆ ತಾಗಿ ಬಲೆಯೊಳಗೆ ಹೋಯಿತು. ಗೋಲು ತಡೆಯಬೇಕಾದವನು ಗೋಲು ಹೊಡೆದ! ಕೋಚ್ ಮಿಗೆಲ್ ಎರೇರಾ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಹುಚ್ಚನಂತೆ ಕುಣಿದ. ಆ ದೃಶ್ಯ ಇವತ್ತಿಗೂ ಇಂಟರ್ನೆಟ್ಟಿನಲ್ಲಿ ಓಡಾಡುತ್ತಲೇ ಇದೆ.

ಕೊನೆಗೆ ಪೆನಾಲ್ಟಿ. ಗೆಲುವಿನ ಒದೆತಕ್ಕೆ ಬಂದವನು ಮಿಗೆಲ್ ಲಯೂನ್. ಇವನ ಕಥೆಯೇ ಬೇರೆ. ಏನೇ ಕೆಟ್ಟದಾದರೂ ಲಯೂನ್‌ದೇ ತಪ್ಪು ಅಂತ ಜಾಲತಾಣಗಳಲ್ಲಿ ಇಡೀ ದೇಶ ಅವನನ್ನು ಗೇಲಿ ಮಾಡುತ್ತಿದ್ದ ಕಾಲ ಅದು. ಒದೆಯುವಾಗ ಒದ್ದೆ ಹುಲ್ಲಿನಲ್ಲಿ ಕಾಲು ಜಾರಿತು. ಚೆಂಡು ಮಾತ್ರ ಒಳಗೇ ಹೋಯಿತು. ಪೆನಾಲ್ಟಿ 4-2. ಕಪ್ ಅಮೆರಿಕಾಗೆ.

ಇದು ಫೈನಲ್ ಆದ್ದರಿಂದ ಪೆನಾಲ್ಟಿಗೆ ಹೋಯಿತು. ಪಟ್ಟಿಯ ನಿಯಮ ಅವರನ್ನು ಕಡಿದದ್ದು 2020ರ ಡಿಸೆಂಬರ್‌ನಲ್ಲಿ. ಕೋವಿಡ್ ಕಾಲ, ಗ್ಯಾಲರಿ ಖಾಲಿ. ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ಕ್ರುಸ್ ಅಸುಲ್, ಪೂಮಾಸ್ ತಂಡವನ್ನು 4-0 ಬಡಿಯಿತು. ನಾಲ್ಕು ಗೋಲಿನ ಮುನ್ನಡೆ ಕೈಯಲ್ಲಿದ್ದರೆ ಯಾರಾದರೂ ಫೈನಲ್ ಬಗ್ಗೆಯೇ ಯೋಚಿಸುತ್ತಾರೆ. ಮೂರು ದಿನ ಬಿಟ್ಟು ಎರಡನೇ ಪಂದ್ಯ. ಅದನ್ನು ಪೂಮಾಸ್ 4-0 ಗೆದ್ದಿತು. ಒಟ್ಟು 4-4. ಲೀಗ್ ಪಟ್ಟಿಯಲ್ಲಿ ಪೂಮಾಸ್ ಎರಡನೇ ಸ್ಥಾನ, ಕ್ರುಸ್ ಅಸುಲ್ ನಾಲ್ಕು. ಪೂಮಾಸ್ ಫೈನಲ್‌ಗೆ. ಗಮನಿಸಿ, ಪೂಮಾಸ್‌ಗೆ ಐದನೇ ಗೋಲು ಬೇಕೇ ಇರಲಿಲ್ಲ. ತಿಂಗಳುಗಳ ಹಿಂದೆ ಎಲ್ಲೋ ಒಂದು ಸಾಧಾರಣ ಲೀಗ್ ಪಂದ್ಯದಲ್ಲಿ ಗಳಿಸಿದ ಅಂಕ ಆ ರಾತ್ರಿ ಕೆಲಸಕ್ಕೆ ಬಂತು. ಈ ಹಂತದಲ್ಲಿ ನಂಗೆ ತುಂಬಾ ಇಷ್ಟವಾದ ವಿಷಯ ಇದೇ. ಲಿಗೀಯಾ ಲಾಟರಿ, ಲೀಗ್ ಪಂದ್ಯಗಳಿಗೆ ಬೆಲೆಯೇ ಇಲ್ಲ ಎಂದು ಬೈಯುವವರು ಇದನ್ನು ನೋಡುವುದಿಲ್ಲ.

ಸೋತ ಕೋಚ್ ಕೆಲಸ ಬಿಟ್ಟ. ಅವನ ಜಾಗಕ್ಕೆ ಪೆರು ದೇಶದ ಹ್ವಾನ್ ರೆಯ್ನೋಸೊ ಬಂದ. ಈತ ಯಾರು ಗೊತ್ತೇ? 1997ರಲ್ಲಿ ಕಪ್ ಗೆದ್ದ ಅದೇ ತಂಡದಲ್ಲಿ ಆಡಿದವನು. ಮೊದಲ ಎರಡು ಪಂದ್ಯ ಸೋತ. ಆಮೇಲೆ ಸತತವಾಗಿ 12 ಪಂದ್ಯ ಗೆದ್ದು ಪಟ್ಟಿಯ ತುದಿಗೆ ಏರಿದ. 2021ರ ಮೇ 30ರಂದು ಅಸ್ತೆಕಾದಲ್ಲಿ ಸಾಂತೋಸ್ ಲಗೂನಾ ವಿರುದ್ಧ 1-1, ಮೊದಲ ಪಂದ್ಯದ 1-0 ಸೇರಿಸಿ ಕಪ್ ಎತ್ತಿದ. ಸೂಪರ್ ಲೀಡರ್ ಆಗಿ ಚಾಂಪಿಯನ್.

ಸೂಪರ್ ಲೀಡರ್‌ಗೆ ಶಾಪ ಇದೆ ಅಂತ ಮೆಕ್ಸಿಕೋದಲ್ಲಿ ಒಂದು ಮಾತಿದೆ. ಮೊದಲ ಸ್ಥಾನ ಬಂದರೆ ಕಪ್ ಬರಲ್ಲವಂತೆ. ಪ್ರತಿ ಸೀಸನ್ನೂ ಟಿವಿಯಲ್ಲಿ ಇದರ ಚರ್ಚೆ. ನಂಗಂತೂ ಇದು ಸುಮ್ನೆ ಲೆಕ್ಕ ಮರೆತವರ ಮಾತು ಅನಿಸುತ್ತದೆ. ಎಂಟು ತಂಡ ಕಪ್‌ಗೆ ಆಡುತ್ತವೆ. ಎಷ್ಟೇ ಬಲವಾದ ತಂಡವಾದರೂ ಸತತ ಮೂರು ಎದುರಾಳಿಗಳನ್ನು ದಾಟಬೇಕು. ಪ್ರತಿ ಸುತ್ತಿನಲ್ಲೂ ನೂರಕ್ಕೆ ಎಪ್ಪತ್ತು ಪಾಲು ಗೆಲ್ಲುವ ಅವಕಾಶ ಇದೆ ಅಂದುಕೊಳ್ಳಿ. ಮೂರೂ ಸುತ್ತು ಗೆಲ್ಲುವ ಅವಕಾಶ ನೂರಕ್ಕೆ 34 ಮಾತ್ರ. ಮೂರರಲ್ಲಿ ಎರಡು ಸಲ ಸೋಲುವುದೇ ಸಹಜ. ಅದಕ್ಕೆ ಶಾಪ ಯಾಕೆ ಬೇಕು? ಮೇಲಾಗಿ 2023ರ ಅಪೆರ್ತುರಾ, 2024ರ ಕ್ಲೌಸುರಾ ಎರಡನ್ನೂ ಅಮೆರಿಕಾ ಮೊದಲ ಸ್ಥಾನದಿಂದಲೇ ಗೆದ್ದಿದೆ. 2025ರ ಕ್ಲೌಸುರಾದಲ್ಲಿ ತೊಲೂಕಾ ಕೂಡ ಹಾಗೆಯೇ.

ಆದರೂ ಶಾಪದ ಮಾತು ಸಾಯುವುದಿಲ್ಲ. ಯಾಕೆಂದರೆ ಎಂಟನೆಯವರು ಗೆದ್ದ ಕಥೆ ಜನರ ಮನಸ್ಸಿನಲ್ಲಿ ಉಳಿಯುತ್ತದೆ. 2019ರ ಅಪೆರ್ತುರಾ ನೋಡಿ. ಮೊಂತೆರೇ ತಂಡ ಸೀಸನ್ ನಡುವೆ ಕೋಚ್ ಬದಲಿಸಿ ಆಂತೋನಿಯೊ ಮೊಹಮ್ಮದ್‌ನನ್ನು ವಾಪಸ್ ಕರೆಸಿತು. ಅರ್ಜೆಂಟೀನಾದವನು. ಹಿಂದೆ ಇದೇ ತಂಡವನ್ನು ಎರಡು ಫೈನಲ್‌ಗೆ ಒಯ್ದು, ಎರಡನ್ನೂ ತಮ್ಮ ಅಂಗಳದಲ್ಲೇ ಕಳೆದುಕೊಂಡಿದ್ದ. 2006ರ ವಿಶ್ವಕಪ್ ಸಮಯದಲ್ಲಿ ಜರ್ಮನಿಯಲ್ಲಿ ರಸ್ತೆ ಅಪಘಾತವಾಗಿ ಅವನ ಪುಟ್ಟ ಮಗ ತೀರಿಕೊಂಡ. ಆ ಮಗು ಮೊಂತೆರೇ ಅಭಿಮಾನಿ. ಈ ತಂಡವನ್ನು ಚಾಂಪಿಯನ್ ಮಾಡುತ್ತೇನೆ ಅಂತ ಅಪ್ಪ ಮಗನಿಗೆ ಮಾತು ಕೊಟ್ಟಿದ್ದ.

ಎಂಟನೇ ಸ್ಥಾನದಲ್ಲಿ ಲಿಗೀಯಾ ಪ್ರವೇಶ. ಮೊದಲ ಸುತ್ತಿನಲ್ಲೇ ಸೂಪರ್ ಲೀಡರ್ ಸಾಂತೋಸ್ ಔಟ್. ಫೈನಲ್ ತಲುಪಿದ ಮೇಲೆ ತಂಡ ಕ್ಲಬ್ ವಿಶ್ವಕಪ್‌ಗೆಂದು ಕತಾರ್‌ಗೆ ಹಾರಿತು. ಅಲ್ಲಿ ಲಿವರ್‌ಪೂಲ್ ಎದುರು ಕೊನೆ ಗಳಿಗೆಯ ಗೋಲಿನಿಂದ 2-1 ಸೋತು ವಾಪಸ್ ಬಂತು. ಹಾಗಾಗಿ ಮೆಕ್ಸಿಕೋದ ಫೈನಲ್ ಕ್ರಿಸ್‌ಮಸ್ ದಾಟಿ ಡಿಸೆಂಬರ್ 26 ಮತ್ತು 29ಕ್ಕೆ ಹೋಯಿತು. ಎದುರಾಳಿ ಮತ್ತೆ ಅಮೆರಿಕಾ. ತಮ್ಮ ಊರಲ್ಲಿ 2-1 ಗೆಲುವು, ಅಸ್ತೆಕಾದಲ್ಲಿ 2-1 ಸೋಲು, ಪೆನಾಲ್ಟಿಯಲ್ಲಿ ಗೆಲುವು. ಮೊಹಮ್ಮದ್ ಕೊಟ್ಟ ಮಾತು ನಡೆಯಿತು. ಮುಂದೆ 2025ರಲ್ಲಿ ತೊಲೂಕಾ ಗೆದ್ದಾಗಲೂ ಕೋಚ್ ಇವನೇ.

ಇನ್ನು ಪ್ಲೇ-ಇನ್ ಬಗ್ಗೆ ನಾನು ಗೊಣಗಿದೆನಲ್ಲ, ಅದಕ್ಕೆ ಉತ್ತರ 2024ರ ಅಪೆರ್ತುರಾದಲ್ಲಿ ಸಿಗುತ್ತದೆ. ಕ್ರುಸ್ ಅಸುಲ್ 17 ಪಂದ್ಯದಲ್ಲಿ 42 ಅಂಕ ಗಳಿಸಿತು. ಅಮೆರಿಕಾ ಎಂಟನೇ ಸ್ಥಾನಕ್ಕೆ ಜಾರಿ, ಪ್ಲೇ-ಇನ್‌ನಲ್ಲಿ ತಿಹ್ವಾನಾ ತಂಡವನ್ನು ಪೆನಾಲ್ಟಿಯಲ್ಲಿ ದಾಟಿ ಹೇಗೋ ಒಳಗೆ ಬಂತು. ಸೆಮಿಫೈನಲ್‌ನಲ್ಲಿ ಇವರಿಬ್ಬರೂ ಮುಖಾಮುಖಿ. ಮೊದಲ ಪಂದ್ಯ 0-0. ಕ್ರುಸ್ ಅಸುಲ್‌ಗೆ ಎರಡನೇ ಪಂದ್ಯದಲ್ಲಿ ಸಮ ಸಾಕಿತ್ತು. ಎಷ್ಟೇ ಗೋಲಿನ ಸಮ ಆದರೂ ಸರಿ. ಪಂದ್ಯ 4-3 ಆಯಿತು, ಅಮೆರಿಕಾ ಪರವಾಗಿ. ಫೈನಲ್‌ನಲ್ಲಿ ಮೊಂತೆರೇ ತಂಡವನ್ನೂ ಸೋಲಿಸಿ ಅಮೆರಿಕಾ ಸತತ ಮೂರನೇ ಕಪ್ ಎತ್ತಿತು. ಚಿಕ್ಕ ಟೂರ್ನಿಗಳು ಶುರುವಾದ ಮೇಲೆ ಬೇರೆ ಯಾರೂ ಅಲ್ಲಿಯವರೆಗೆ ಹಾಗೆ ಮಾಡಿರಲಿಲ್ಲ. 42 ಅಂಕದ ತಂಡ ಮನೆಯಲ್ಲಿ ಕೂತು ನೋಡಿತು. ಇದು ನ್ಯಾಯವೇ? ಅಲ್ಲ ಅಂತಲೇ ನಾನು ಹೇಳುತ್ತೇನೆ. ಆದರೆ ಆ 4-3 ಪಂದ್ಯ ಬೇಡವಿತ್ತು ಅಂತ ಹೇಳಲು ನಂಗೆ ಬಾಯಿ ಬರುವುದಿಲ್ಲ.

ಬರಿ ಸೋಲಿನ ಕಥೆಯೇ ಆಯಿತು ಅನ್ನಬೇಡಿ. ಗ್ವಾದಲಹಾರಾ ನಗರದ ಅತ್ಲಾಸ್ ತಂಡ 1951ರಲ್ಲಿ ಒಮ್ಮೆ ಲೀಗ್ ಗೆದ್ದಿತ್ತು. ಆಮೇಲೆ 70 ವರ್ಷ ಏನೂ ಇಲ್ಲ. ತಾತ ಗೆದ್ದದ್ದು ನೋಡಿದ್ದ, ಅಪ್ಪ ನೋಡದೇ ಹೋದ ಅನ್ನುವ ಮನೆಗಳು ಅಲ್ಲಿ ಎಷ್ಟಿದ್ದವೋ. 2021ರ ಡಿಸೆಂಬರ್ 12ರಂದು ಲೆಯೋನ್ ವಿರುದ್ಧ ಒಟ್ಟು 3-3, ಪೆನಾಲ್ಟಿಯಲ್ಲಿ ಗೆಲುವು. ತಮಾಷೆ ನೋಡಿ, 70 ವರ್ಷ ಕಾದವರು ಮುಂದಿನ ಕಪ್‌ಗೆ ಆರು ತಿಂಗಳೂ ಕಾಯಲಿಲ್ಲ. 2022ರ ಮೇನಲ್ಲಿ ಅದನ್ನೂ ಗೆದ್ದರು.

ನಿಮಗೂ ನೋಡುವ ಮನಸ್ಸಾದರೆ ಒಂದೆರಡು ಮಾತು. ಲಿಗೀಯಾ ಬರುವುದು ಸಾಮಾನ್ಯವಾಗಿ ಮೇ ತಿಂಗಳಲ್ಲಿ ಒಮ್ಮೆ, ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಒಮ್ಮೆ. ಮೆಕ್ಸಿಕೋ ನಗರದ ಗಡಿಯಾರ ನಮಗಿಂತ ಹನ್ನೊಂದೂವರೆ ಗಂಟೆ ಹಿಂದೆ. ಅವರ ಭಾನುವಾರ ಸಂಜೆ ಏಳು ಅಂದರೆ ನಮಗೆ ಸೋಮವಾರ ಬೆಳಿಗ್ಗೆ ಆರೂವರೆ. ಪಂದ್ಯ ಹಾಕುವ ಮೊದಲು ಯಾವ ತಂಡ ಪಟ್ಟಿಯಲ್ಲಿ ಎಷ್ಟನೇ ಸ್ಥಾನ ಅಂತ ಒಂದು ಸಲ ನೋಡಿಕೊಳ್ಳಿ. ಯಾರಿಗೆ ಸಮ ಸಾಕು, ಯಾರಿಗೆ ಸಾಲದು ಅಂತ ಗೊತ್ತಾದರೆ ಕೊನೆಯ ಇಪ್ಪತ್ತು ನಿಮಿಷ ಯಾಕೆ ಒಂದು ತಂಡ ಚೆಂಡನ್ನು ಹಿಂದಕ್ಕೇ ಆಡಿಸುತ್ತಿದೆ, ಇನ್ನೊಂದು ಯಾಕೆ ಎಲ್ಲರನ್ನೂ ಮುಂದಕ್ಕೆ ಕಳಿಸಿದೆ ಅನ್ನುವುದು ತಾನಾಗಿ ತಿಳಿಯುತ್ತದೆ. ಫೈನಲ್‌ಗೆ ಮಾತ್ರ ಈ ಲೆಕ್ಕ ಬೇಡ.

ನಮಸ್ಕಾರ.