ತವರಿನ ಹಡಗು

ಕೇಳುಗರೆಲ್ಲರಿಗೂ ನಮಸ್ಕಾರ.

ಜರ್ಮನಿಯ ಎಲ್ಬೆ ನದಿಯ ದಂಡೆಯಲ್ಲಿ ಆಲ್ಟೋನಾ ಅಂತ ಒಂದು ಊರಿದೆ. ಈಗ ಅದು ಹ್ಯಾಂಬರ್ಗ್ ನಗರದ ಒಂದು ಭಾಗ. 1766ರಲ್ಲಿ ಅದು ಡೆನ್ಮಾರ್ಕ್ ರಾಜನ ಕೈಕೆಳಗಿತ್ತು. ದಕ್ಷಿಣದಿಂದ ಬರುವವರಿಗೆ ಆ ರಾಜ್ಯದ ಹೊಸ್ತಿಲು ಅದು. ಆ ವರ್ಷದ ಅಕ್ಟೋಬರ್ ತಿಂಗಳಲ್ಲಿ ಇಂಗ್ಲೆಂಡಿನಿಂದ ಒಂದು ದಿಬ್ಬಣ ಅಲ್ಲಿಗೆ ಬಂತು. ಮದುಮಗಳಿಗೆ 15 ವರ್ಷ. ಅವಳ ಜೊತೆ ಬಂದಿದ್ದ ಇಂಗ್ಲಿಷ್ ಹೆಂಗಸರು, ಆಳುಕಾಳುಗಳು ಎಲ್ಲರೂ ಅಲ್ಲಿಂದಲೇ ವಾಪಸ್ ಹೋಗಬೇಕಿತ್ತು. ಆ ಕಾಲದ ಅರಮನೆಗಳ ಕಟ್ಟಳೆ ಹಾಗಿತ್ತು. ಪರದೇಶದ ಸೊಸೆ ತನ್ನವರನ್ನು ಕಟ್ಟಿಕೊಂಡು ಬಂದರೆ ಒಳಗೇ ಅವರದೊಂದು ಗುಂಪಾಗುತ್ತದೆ ಎಂಬ ಭಯ. ಹಾಗಾಗಿ ಗಡಿಯಲ್ಲೇ ಹಳೆಯ ಮುಖಗಳನ್ನು ಹಿಂದಕ್ಕೆ ಕಳಿಸಿ, ಹೊಸ ಮುಖಗಳ ಕೈಗೆ ಹುಡುಗಿಯನ್ನು ಒಪ್ಪಿಸುತ್ತಿದ್ದರು.

ಆ ಹುಡುಗಿಯ ಹೆಸರು ಕ್ಯಾರೊಲೈನ್ ಮಟಿಲ್ಡಾ. ಇಂಗ್ಲೆಂಡಿನ ದೊರೆ ಮೂರನೇ ಜಾರ್ಜ್‌ನ ಕಡೆಯ ತಂಗಿ. ರಾಣಿಯರನ್ನು ಬಹುವಚನದಲ್ಲಿ ಕರೆಯುವುದು ವಾಡಿಕೆ. ಆದರೂ ನಾನು ಇವತ್ತು ‘ಅವಳು’ ಎಂದೇ ಹೇಳುತ್ತೇನೆ. ಅವಳ ವಯಸ್ಸು ನೆನೆದರೆ ನನಗೆ ಬೇರೆ ಮಾತು ಬರುವುದಿಲ್ಲ.

ಅವಳು ಹುಟ್ಟಿದ್ದು 1751ರ ಜುಲೈನಲ್ಲಿ. ತಂದೆ ಫ್ರೆಡರಿಕ್, ವೇಲ್ಸ್‌ನ ರಾಜಕುಮಾರ. ಅವನು ಅದೇ ವರ್ಷ ಮಾರ್ಚ್‌ನಲ್ಲಿ ತೀರಿಕೊಂಡಿದ್ದ. ಅಂದರೆ ಇವಳು ಅಪ್ಪನ ಮುಖವನ್ನೇ ನೋಡಲಿಲ್ಲ. ಒಂಬತ್ತು ಮಕ್ಕಳಲ್ಲಿ ಕೊನೆಯವಳು. ತಾಯಿ ಆಗಸ್ಟಾ ಮಕ್ಕಳನ್ನು ಅರಮನೆಯ ಗದ್ದಲದಿಂದ ದೂರ ಇಟ್ಟು ಸಾಕಿದಳು. ಕ್ಯೂ ಎಂಬಲ್ಲಿನ ದೊಡ್ಡ ತೋಟದಲ್ಲಿ ಇವಳ ಬಾಲ್ಯ ಕಳೆಯಿತು. ಹಾಡುತ್ತಿದ್ದಳು, ಹಲವು ಭಾಷೆ ಕಲಿತಿದ್ದಳು. ಅರಮನೆಯ ರಾಜಕೀಯ ಮಾತ್ರ ಯಾರೂ ಕಲಿಸಿರಲಿಲ್ಲ.

ಮದುವೆ ಲಂಡನ್ನಿನಲ್ಲೇ ಮುಗಿದಿತ್ತು, ಗಂಡು ಇಲ್ಲದೆ. ಅಕ್ಟೋಬರ್ 1ರಂದು ಮದುಮಗನ ಜಾಗದಲ್ಲಿ ನಿಂತವನು ಅವಳ ಸ್ವಂತ ಅಣ್ಣ, ಡ್ಯೂಕ್ ಆಫ್ ಯಾರ್ಕ್. ಕೇಳಲು ವಿಚಿತ್ರ ಅನಿಸುತ್ತದೆ, ಅಲ್ವಾ? ಪ್ರತಿನಿಧಿಯನ್ನು ನಿಲ್ಲಿಸಿ ಮದುವೆ ಮುಗಿಸುವುದು ಆಗ ಯೂರೋಪಿನ ರಾಜಮನೆತನಗಳಲ್ಲಿ ಸಾಮಾನ್ಯ ಸಂಗತಿಯಾಗಿತ್ತು. ನಿಜವಾದ ಗಂಡ ಡೆನ್ಮಾರ್ಕಿನ ದೊರೆ ಏಳನೇ ಕ್ರಿಶ್ಚಿಯನ್. ಅವನಿಗೆ 17 ವರ್ಷ. ಹೊರಗಿನವನೇನಲ್ಲ, ಸೋದರತ್ತೆಯ ಮಗ. ಅವನ ತಾಯಿ ಲೂಯಿಸಾ ಇವಳ ತಂದೆಯ ತಂಗಿ. ಅವಳೂ ಹೀಗೇ ಇಂಗ್ಲೆಂಡಿನಿಂದ ಮದುವೆಯಾಗಿ ಹೋಗಿ ಡೆನ್ಮಾರ್ಕಿನ ರಾಣಿಯಾಗಿದ್ದವಳು. 1751ರಲ್ಲೇ, 27ನೇ ವಯಸ್ಸಿಗೆ ಸತ್ತಳು. ಅವಳು ಬದುಕಿದ್ದಿದ್ದರೆ ಈ ಹುಡುಗಿಗೆ ಕೋಪನ್‌ಹೇಗನ್‌ನಲ್ಲಿ ಸ್ವಂತ ಸೋದರತ್ತೆಯೇ ಅತ್ತೆಯಾಗಿರುತ್ತಿದ್ದಳು. ಹಾಗಾಗಲಿಲ್ಲ. ಅತ್ತೆಯ ಜಾಗದಲ್ಲಿದ್ದವಳು ಕ್ರಿಶ್ಚಿಯನ್‌ನ ಮಲತಾಯಿ ಯೂಲಿಯಾನಾ ಮಾರಿಯಾ. ಅವಳಿಗೆ ತನ್ನದೇ ಒಬ್ಬ ಮಗನಿದ್ದ. ಈ ವಿಷಯ ನೆನಪಿಟ್ಟುಕೊಳ್ಳಿ.

ನವೆಂಬರ್ 8ರಂದು ಕ್ರಿಶ್ಚಿಯನ್ಸ್‌ಬೋರ್ಗ್ ಅರಮನೆಯಲ್ಲಿ ಮತ್ತೊಮ್ಮೆ ಮದುವೆಯ ವಿಧಿ ನಡೆಯಿತು. ಜನ ಬೀದಿಯಲ್ಲಿ ನಿಂತು ಹೊಸ ರಾಣಿಯನ್ನು ನೋಡಿ ಸಂತೋಷಪಟ್ಟರು. ಒಳಗೆ ಮಾತ್ರ ಸಂತೋಷ ಇರಲಿಲ್ಲ. ಕ್ರಿಶ್ಚಿಯನ್‌ಗೆ ಮನಸ್ಸಿನ ಕಾಯಿಲೆ. ಅದು ಸ್ಕಿಜೋಫ್ರೇನಿಯಾ ಇರಬಹುದು ಎಂದು ಈಚಿನವರು ಊಹಿಸುತ್ತಾರೆ. ಆಗ ಅದಕ್ಕೆ ಹೆಸರೂ ಇರಲಿಲ್ಲ, ಔಷಧವೂ ಇರಲಿಲ್ಲ. ಚಿಕ್ಕಂದಿನಲ್ಲಿ ತಾಯಿ ಹೋದಳು. ತಂದೆ ಕುಡಿತದಲ್ಲಿ ಮುಳುಗಿದ್ದ. ಪಾಠ ಹೇಳಬೇಕಾದವನು ಹೊಡೆದು ಬಡಿದು ಬೆಳೆಸಿದ. ಆ ಹುಡುಗನ ಮೇಲೂ ನನಗೆ ಕನಿಕರವಿದೆ. ಅವನು ರಾತ್ರಿ ಹೊತ್ತು ಗೆಳೆಯರ ಜೊತೆ ಬೀದಿ ಸುತ್ತಿ ಕಾವಲುಗಾರರ ಜೊತೆ ಹೊಡೆದಾಡುತ್ತಿದ್ದ. ಹೆಂಡತಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಆಗ ಅವಳಿಗೆ ಇದ್ದ ಒಂದೇ ಆಸರೆ ಲೂಯಿಸ ಫಾನ್ ಪ್ಲೆಸ್ಸೆನ್. ರಾಣಿವಾಸದ ಹಿರಿಯ ಹೆಂಗಸು, ಕಟ್ಟುನಿಟ್ಟಿನವಳು. ಆದರೆ ಹುಡುಗಿಯ ಪರ ನಿಂತು ಮಾತಾಡುತ್ತಿದ್ದಳು. 1768ರ ಜನವರಿಯಲ್ಲಿ ಮಗ ಹುಟ್ಟಿದ. ಅವನಿಗೂ ಫ್ರೆಡರಿಕ್ ಎಂದೇ ಹೆಸರು. ರಾಣಿಗೆ ಇನ್ನೂ 16 ವರ್ಷ. ಅದೇ ವರ್ಷ ಪ್ಲೆಸ್ಸೆನ್‌ಳನ್ನು ಕೆಲಸದಿಂದ ತೆಗೆದು ಊರಿನಿಂದಲೇ ಕಳಿಸಿಬಿಟ್ಟರು. ಆಲ್ಟೋನಾದಲ್ಲಿ ಒಮ್ಮೆ ಆದದ್ದು ಮತ್ತೆ ಆಯಿತು. ಆ ಬೇಸಿಗೆಯಲ್ಲಿ ರಾಜ ಯೂರೋಪ್ ಪ್ರವಾಸಕ್ಕೆ ಹೊರಟ. ಲಂಡನ್ನಿಗೂ ಹೋದ, ಅವಳ ಅಣ್ಣನ ಮನೆಗೇ ಹೋದ. ಅವಳನ್ನು ಕರೆದುಕೊಂಡು ಹೋಗಲಿಲ್ಲ.

ಆ ಕಾಲದಲ್ಲಿ ಅವಳು ಫ್ರೆಡರಿಕ್ಸ್‌ಬೋರ್ಗ್ ಅರಮನೆಯ ಒಂದು ಕಿಟಕಿಯ ಗಾಜಿನ ಮೇಲೆ ವಜ್ರದ ಉಂಗುರದಿಂದ ಇಂಗ್ಲಿಷಿನಲ್ಲಿ ಒಂದು ಸಾಲು ಗೀಚಿದಳಂತೆ. “ನನ್ನನ್ನು ನಿರ್ಮಲವಾಗಿ ಇಡು, ದೊಡ್ಡವರಾಗುವುದು ಬೇರೆಯವರಿಗೆ ಇರಲಿ” ಎಂಬ ಅರ್ಥದ ಪ್ರಾರ್ಥನೆ. 1859ರಲ್ಲಿ ಆ ಅರಮನೆಗೆ ಬೆಂಕಿ ಬಿದ್ದು ಒಳಗಿನದೆಲ್ಲ ಹೆಚ್ಚುಕಡಿಮೆ ಸುಟ್ಟುಹೋಯಿತು. ಈ ಮಾತು ಮಾತ್ರ ಜನರ ಬಾಯಲ್ಲಿ ಉಳಿಯಿತು.

ಪ್ರವಾಸ ಹೊರಟಾಗ ರಾಜನ ಆರೋಗ್ಯ ನೋಡಿಕೊಳ್ಳಲು ಒಬ್ಬ ಡಾಕ್ಟರ್ ಬೇಕಿತ್ತು. ಸಿಕ್ಕವನು ಯೋಹಾನ್ ಫ್ರೆಡರಿಕ್ ಸ್ಟ್ರೂಯೆನ್ಸೆ. ಅವನು ಎಲ್ಲಿಯ ಡಾಕ್ಟರ್ ಗೊತ್ತೇ? ಆಲ್ಟೋನಾದವನು. ಮದುಮಗಳು ತನ್ನವರನ್ನೆಲ್ಲ ಬಿಟ್ಟು ಅತ್ತೆಮನೆಗೆ ಕಾಲಿಟ್ಟ ದಿನ, ಅದೇ ಊರಿನಲ್ಲಿ ಅವನು ಬಡವರಿಗೆ ಮದ್ದು ಕೊಡುತ್ತಾ ಇದ್ದ. ಪಾದ್ರಿಯ ಮಗ. ಹೊಸ ವಿಚಾರಗಳನ್ನು ಓದಿಕೊಂಡವನು. ರಾಜನ ಜೊತೆ ಮೆತ್ತಗೆ ಮಾತಾಡಬಲ್ಲವನು. ಕ್ರಿಶ್ಚಿಯನ್ ಅವನನ್ನು ಬಹಳ ಹಚ್ಚಿಕೊಂಡ, ಕೋಪನ್‌ಹೇಗನ್‌ಗೇ ಕರೆತಂದ.

ರಾಣಿಗೆ ಮೊದಲು ಅವನನ್ನು ಕಂಡರೆ ಆಗುತ್ತಿರಲಿಲ್ಲ. ಗಂಡನ ಗೆಳೆಯರಲ್ಲಿ ಇವನೂ ಒಬ್ಬ ಎಂದುಕೊಂಡಿದ್ದಳು. 1769ರಲ್ಲಿ ಅವಳು ಕಾಯಿಲೆ ಬಿದ್ದಾಗ ಇವನಿಗೆ ತೋರಿಸು ಎಂದು ಒತ್ತಾಯ ಮಾಡಿದವನು ರಾಜನೇ. ಸ್ಟ್ರೂಯೆನ್ಸೆ ಕೊಟ್ಟ ಸಲಹೆ ಸರಳವಾಗಿತ್ತು. ಹೊರಗೆ ನಡೆಯಿರಿ, ಕುದುರೆ ಸವಾರಿ ಮಾಡಿ, ಗಾಳಿ ಬೆಳಕಿಗೆ ಬನ್ನಿ. ಅವಳು ಹಾಗೇ ಮಾಡಿದಳು. ಹೆಂಗಸರು ಎರಡೂ ಕಾಲನ್ನು ಒಂದೇ ಪಕ್ಕಕ್ಕೆ ಇಳಿಬಿಟ್ಟು ಕುದುರೆ ಮೇಲೆ ಕೂರುತ್ತಿದ್ದ ಕಾಲ ಅದು. ಇವಳು ಗಂಡಸರ ಉಡುಪು ತೊಟ್ಟು, ಗಂಡಸರಂತೆಯೇ ಕೂತು ಸವಾರಿ ಹೋದಳು. ಊರೆಲ್ಲ ಗುಸುಗುಸು. 1770ರ ಮೇ ತಿಂಗಳಲ್ಲಿ ಪುಟ್ಟ ರಾಜಕುಮಾರನಿಗೆ ಸ್ಟ್ರೂಯೆನ್ಸೆ ಸಿಡುಬಿನ ಚುಚ್ಚು ಹಾಕಿದ. ನಮ್ಮ ಅಜ್ಜಿಯರು ‘ಮೈಲಿ ಹಾಕಿಸುವುದು’ ಎನ್ನುತ್ತಿದ್ದರಲ್ಲ, ಅದರ ಹಳೆಯ ರೂಪ. ಹಸುವಿನ ಸಿಡುಬಿನ ಲಸಿಕೆ ಆಗಿನ್ನೂ ಬಂದಿರಲಿಲ್ಲ. ಮನುಷ್ಯರ ಸಿಡುಬಿನ ಕೀವನ್ನೇ ಸ್ವಲ್ಪ ಚರ್ಮಕ್ಕೆ ತಾಗಿಸುತ್ತಿದ್ದರು. ಅಪಾಯ ಇದ್ದೇ ಇತ್ತು. ಮಗು ಚೇತರಿಸಿಕೊಂಡಿತು. ಎರಡು ವರ್ಷದ ಮಗನ ಜೀವವನ್ನು ಒಬ್ಬನ ಕೈಗೆ ಕೊಟ್ಟು ಅವನು ಉಳಿಸಿಕೊಟ್ಟಾಗ, 18 ವರ್ಷದ ತಾಯಿಯ ಮನಸ್ಸು ಅವನ ಕಡೆ ವಾಲಿದ್ದರೆ ನನಗೆ ಆಶ್ಚರ್ಯವಾಗುವುದಿಲ್ಲ.

ಅವರಿಬ್ಬರ ನಡುವೆ ಪ್ರೀತಿ ಇತ್ತು. ಇದನ್ನು ಮುಚ್ಚಿಟ್ಟು ಹೇಳುವ ಅಗತ್ಯವಿಲ್ಲ. 1771ರ ಜುಲೈನಲ್ಲಿ ಹಿರ್ಶ್‌ಹೋಲ್ಮ್ ಅರಮನೆಯಲ್ಲಿ ಹುಟ್ಟಿದ ಲೂಯಿಸ್ ಆಗಸ್ಟಾ ಸ್ಟ್ರೂಯೆನ್ಸೆಯ ಮಗಳು ಎಂದೇ ಬಹುತೇಕ ಇತಿಹಾಸಕಾರರು ನಂಬುತ್ತಾರೆ. ರಾಜ ಮಾತ್ರ ಆ ಮಗುವನ್ನು ತನ್ನದೆಂದೇ ಒಪ್ಪಿಕೊಂಡ.

ಒಬ್ಬ ಡಾಕ್ಟರ್ ಹೇಗೆ ದೇಶ ಆಳಿದ ಎಂದು ನೀವು ಕೇಳಬಹುದು. 1665ರ ಡೆನ್ಮಾರ್ಕಿನ ರಾಜಶಾಸನದ ಪ್ರಕಾರ ಎಲ್ಲ ಅಧಿಕಾರವೂ ದೊರೆಯದು. ಅವನ ಸಹಿ ಬಿದ್ದರೆ ಅದೇ ಕಾನೂನು. ಆ ದೊರೆಗೆ ಬುದ್ಧಿ ಸ್ಥಿಮಿತ ಇಲ್ಲದಿದ್ದರೆ? ಯಾರು ಅವನ ಪಕ್ಕದಲ್ಲಿ ಕೂತು ಸಹಿ ಹಾಕಿಸುತ್ತಾರೋ ಅವರದೇ ರಾಜ್ಯ. ಸ್ಟ್ರೂಯೆನ್ಸೆ ಹಳೆಯ ಮಂತ್ರಿಗಳನ್ನು ಕಳಿಸಿದ, ಮಂತ್ರಿಮಂಡಲವನ್ನೇ ಮುಚ್ಚಿದ. ವರ್ಷ ಒಂದೂವರೆ ವರ್ಷದಲ್ಲಿ 1000ಕ್ಕೂ ಹೆಚ್ಚು ಆದೇಶ ಹೊರಡಿಸಿದ. 1770ರ ಸೆಪ್ಟೆಂಬರ್‌ನಲ್ಲಿ ಅಚ್ಚಿನ ಮೇಲಿದ್ದ ಸರ್ಕಾರದ ತಪಾಸಣೆಯನ್ನು ತೆಗೆದುಹಾಕಿದ. ಚಿತ್ರಹಿಂಸೆ ಕೊಟ್ಟು ತಪ್ಪೊಪ್ಪಿಸುವುದನ್ನು ನಿಲ್ಲಿಸಿದ. ರೈತರು ಜಮೀನ್ದಾರರಿಗೆ ಮಾಡಬೇಕಿದ್ದ ಬಿಟ್ಟಿ ಕೆಲಸಕ್ಕೆ ಮಿತಿ ಹಾಕಿದ. ಬಹುಪಾಲು ಒಳ್ಳೆಯ ಕೆಲಸಗಳೇ. ಆದರೆ ಜನರ ಭಾಷೆ ಅವನಿಗೆ ಬರುತ್ತಿರಲಿಲ್ಲ, ಆದೇಶಗಳೆಲ್ಲ ಜರ್ಮನ್‌ನಲ್ಲಿ. ಯಾರನ್ನೂ ಜೊತೆಗೆ ತೆಗೆದುಕೊಳ್ಳಲೂ ಇಲ್ಲ. ಅವನೇ ಕೊಟ್ಟ ಅಚ್ಚಿನ ಸ್ವಾತಂತ್ರ್ಯದಲ್ಲಿ ಅವನ ಮೇಲೆ, ರಾಣಿಯ ಮೇಲೆ ಹೊಲಸು ಹೊಲಸಾದ ಕರಪತ್ರಗಳು ಬಂದವು.

ಆ ಎರಡು ವರ್ಷ ಅವಳು ನಿಜಕ್ಕೂ ಬದುಕಿದಳು ಎಂದು ನನಗೆ ಅನಿಸುತ್ತದೆ. ಹಿರ್ಶ್‌ಹೋಲ್ಮ್‌ನ ಬೇಸಿಗೆ, ತೋಟ, ಮಗ ಹುಲ್ಲಿನ ಮೇಲೆ ಬರಿಗಾಲಲ್ಲಿ ಓಡುವುದು, ತೊಟ್ಟಿಲಲ್ಲಿ ಮಗಳು. ಮಗುವಿಗೆ ತಾನೇ ಹಾಲೂಡಿಸುತ್ತಿದ್ದಳು. ರಾಣಿಯರು ಹಾಗೆ ಮಾಡುವ ಪದ್ಧತಿ ಇರಲಿಲ್ಲ, ಅದಕ್ಕೆಂದೇ ದಾದಿಯರಿರುತ್ತಿದ್ದರು.

1772ರ ಜನವರಿ 16ರ ರಾತ್ರಿ ಅರಮನೆಯ ನಾಟಕಶಾಲೆಯಲ್ಲಿ ಮುಖವಾಡದ ನೃತ್ಯ ನಡೆಯಿತು. ಎಲ್ಲರೂ ಮಲಗಿದ ಮೇಲೆ, ಬೆಳಗಿನ ಜಾವ, ಯೂಲಿಯಾನಾ ಮಾರಿಯಾಳ ಕಡೆಯವರು ರಾಜನ ಕೋಣೆಗೆ ನುಗ್ಗಿದರು. ಅವಳ ಮಗ, ಅವನ ಗುರು ಗುಲ್ಡ್‌ಬರ್ಗ್, ಕೆಲವು ಸೇನಾಧಿಕಾರಿಗಳು. ಹೆದರಿದ ರಾಜನಿಂದ ಸಹಿ ಹಾಕಿಸಿಕೊಂಡರು. ಮತ್ತೆ ಅದೇ ಸಹಿ. ಈ ಸಲ ಸ್ಟ್ರೂಯೆನ್ಸೆಯನ್ನೂ ರಾಣಿಯನ್ನೂ ಹಿಡಿಯಲು. ಅವಳು ಸುಮ್ನೆ ಹೋಗಲಿಲ್ಲ, ಜಗ್ಗಾಡಿದಳು, ರಾಜನ ಹತ್ತಿರ ಹೋಗುತ್ತೇನೆ ಎಂದು ಹಟ ಹಿಡಿದಳು. ಕೊನೆಗೆ ಆರು ತಿಂಗಳ ಮಗುವಿನೊಂದಿಗೆ ಗಾಡಿ ಹತ್ತಿಸಿ, ಸಮುದ್ರದಂಚಿನ ಕ್ರೋನ್‌ಬೋರ್ಗ್ ಕೋಟೆಗೆ ಕಳಿಸಿದರು. ನಾಲ್ಕು ವರ್ಷ ತುಂಬಲಿದ್ದ ಮಗ ಅರಮನೆಯಲ್ಲೇ ಉಳಿದ. ಅವಳು ಅವನನ್ನು ಮತ್ತೆ ನೋಡಲಿಲ್ಲ.

ಫೆಬ್ರವರಿ 8ರಂದು ಲಂಡನ್ನಿನಲ್ಲಿ ಅವಳ ತಾಯಿ ತೀರಿಕೊಂಡಳು. ಮಗಳು ಕೋಟೆಯ ಚಳಿಯಲ್ಲಿ ಕೈದಿಯಾಗಿದ್ದಳು. ಅದೇ ತಿಂಗಳು ಸ್ಟ್ರೂಯೆನ್ಸೆ ತಪ್ಪೊಪ್ಪಿಕೊಂಡ. ಆ ಕಾಗದ ತೋರಿಸಿದಾಗ ಮಾರ್ಚ್‌ನಲ್ಲಿ ಅವಳೂ ಸಹಿ ಹಾಕಿದಳು. ಏಪ್ರಿಲ್ 6ರಂದು ಮದುವೆ ರದ್ದಾಯಿತು. ಏಪ್ರಿಲ್ 28ರಂದು ಸ್ಟ್ರೂಯೆನ್ಸೆಯ ಬಲಗೈ ಕತ್ತರಿಸಿ, ಆಮೇಲೆ ತಲೆ ಕಡಿದರು. ಅದರ ವಿವರ ಬೇಡ.

ಅಣ್ಣ ಮೂರನೇ ಜಾರ್ಜ್ ಆಗ ಎಚ್ಚೆತ್ತುಕೊಂಡ. ಬ್ರಿಟಿಷ್ ರಾಯಭಾರಿ ಕೀತ್ ಯುದ್ಧದ ಬೆದರಿಕೆ ಹಾಕಿ ಅವಳ ಬಿಡುಗಡೆಯ ಮಾತು ನಡೆಸಿದ. ಮೇ ಕೊನೆಯಲ್ಲಿ ಕ್ರೋನ್‌ಬೋರ್ಗ್ ಎದುರು ಬ್ರಿಟಿಷ್ ಹಡಗುಗಳು ಬಂದು ನಿಂತವು. ಐದೂವರೆ ವರ್ಷದ ಮೇಲೆ ತವರಿನ ಹಡಗು ಬಂದಿತ್ತು. ಆದರೆ ಮಗು ರಾಜನ ಮಗಳು, ಅದನ್ನು ಕಳಿಸುವಂತಿಲ್ಲ. ಇನ್ನೂ ವರ್ಷ ತುಂಬದ ಮಗುವನ್ನು ಬಿಟ್ಟು ಅವಳು ಹಡಗು ಹತ್ತಿದಳು. ಇಂಗ್ಲಿಷ್ ಹೆಂಗಸರನ್ನು ಕಳಿಸಿದರು, ಪ್ಲೆಸ್ಸೆನ್‌ಳನ್ನು ಕಳಿಸಿದರು, ಸ್ಟ್ರೂಯೆನ್ಸೆಯನ್ನು ಕೊಂದರು, ಈಗ ಮಗು. ಈ ಲೆಕ್ಕ ಹಾಕುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಹಡಗು ತವರಿಗೂ ಹೋಗಲಿಲ್ಲ. ಅಣ್ಣನಿಗೆ ಜರ್ಮನಿಯ ಹ್ಯಾನೋವರ್ ಸೀಮೆಯೂ ಸೇರಿತ್ತು. ಅಲ್ಲಿನ ಟ್ಸೆಲ್ಲೆ ಎಂಬ ಊರಿನ ಕೋಟೆಯಲ್ಲಿ ಅವಳನ್ನು ಇರಿಸಿದರು. ಕೆಟ್ಟ ಹೆಸರು ಬಂದ ತಂಗಿ ಲಂಡನ್ನಿಗೆ ಬರುವುದು ಬೇಡ ಎಂದು ಅಣ್ಣನ ತೀರ್ಮಾನ. ಅವಳನ್ನು ಕೋಟೆಯಿಂದ ಬಿಡಿಸಿದ್ದಕ್ಕೆ ನಾನು ಅವನನ್ನು ಮೆಚ್ಚುತ್ತೇನೆ. ತಾಯಿಯಿಲ್ಲದ ತಂಗಿಗೆ ಮನೆಯ ಬಾಗಿಲು ತೆರೆಯಲಿಲ್ಲ ಎಂಬುದನ್ನು ಮಾತ್ರ ಕ್ಷಮಿಸಲು ನನಗೆ ಆಗುವುದಿಲ್ಲ.

ಟ್ಸೆಲ್ಲೆಯ ಜನ ಅವಳನ್ನು ಪ್ರೀತಿಸಿದರು. ಅಕ್ಕ ಆಗಸ್ಟಾ ಬ್ರನ್ಸ್‌ವಿಕ್‌ನಿಂದ ಬಂದು ಹೋಗುತ್ತಿದ್ದಳು. 1774ರಲ್ಲಿ ರ್‍ಯಾಕ್ಸಲ್ ಎಂಬ ಇಂಗ್ಲಿಷ್ ಪ್ರವಾಸಿ ಯುವಕ, ಅವಳನ್ನು ಮತ್ತೆ ರಾಣಿ ಮಾಡಬೇಕೆಂದಿದ್ದ ಡೆನ್ಮಾರ್ಕಿನ ಕೆಲವರಿಗೂ ಅವಳಿಗೂ ಲಂಡನ್ನಿಗೂ ನಡುವೆ ಗುಟ್ಟಾಗಿ ಕಾಗದ ಸಾಗಿಸುತ್ತಿದ್ದ. ಅವಳೂ ಒಪ್ಪಿದಳು, ಮಕ್ಕಳಿದ್ದಲ್ಲಿಗೆ ಹೋಗುವ ದಾರಿ ಬೇರೆ ಇರಲಿಲ್ಲವಲ್ಲ. ರ್‍ಯಾಕ್ಸಲ್ ಲಂಡನ್ನಿನಲ್ಲಿ ದೊರೆಯ ಉತ್ತರಕ್ಕೆ ಕಾಯುತ್ತಿದ್ದಾಗಲೇ ಸುದ್ದಿ ಬಂತು. 1775ರ ಮೇ 10ರಂದು ಸ್ಕಾರ್ಲೆಟ್ ಜ್ವರದಿಂದ ಅವಳು ಸತ್ತುಹೋಗಿದ್ದಳು. ಮೈಯೆಲ್ಲ ಕೆಂಪಗೆ ಗಂದೆ ಏಳುವ ಜ್ವರ ಅದು. ವಯಸ್ಸು 23.

ಅಲ್ಲಿನ ಇಗರ್ಜಿಯ ನೆಲಮಾಳಿಗೆಯಲ್ಲಿ ಅವಳ ಶವಪೆಟ್ಟಿಗೆ ಇದೆ. ಅದೇ ನೆಲಮಾಳಿಗೆಯಲ್ಲಿ ಇನ್ನೊಬ್ಬ ಹೆಣ್ಣುಮಗಳೂ ಇದ್ದಾಳೆ. ಸೋಫಿಯಾ ಡೊರೋಥಿಯಾ, ಇವಳ ಮುತ್ತಜ್ಜಿ, ಮೊದಲನೇ ಜಾರ್ಜ್‌ನ ಹೆಂಡತಿ. ಅವಳ ಮೇಲೂ ಇದೇ ಆರೋಪ ಬಂದಿತ್ತು. 30 ವರ್ಷಕ್ಕೂ ಹೆಚ್ಚು ಕಾಲ ಆಲ್ಡೆನ್ ಎಂಬಲ್ಲಿ ಕೂಡಿಹಾಕಿದ್ದರು, ಮಕ್ಕಳ ಮುಖ ತೋರಿಸದೆ. ಸೆರೆಯಲ್ಲೇ ಸತ್ತಳು.

ಈ ಕತೆಯ ಒಂದು ಎಳೆ ನಮ್ಮ ದಕ್ಷಿಣಕ್ಕೂ ಬಂದಿದೆ. ತಮಿಳುನಾಡಿನ ತರಂಗಂಬಾಡಿ ಆಗ ಡೆನ್ಮಾರ್ಕಿನವರ ವಸಾಹತು. ಅಲ್ಲಿ ಅಚ್ಚಾದ ಪುಟ್ಟ ತಾಮ್ರದ ಕಾಸುಗಳ ಮೇಲೆ ಕಿರೀಟದ ಕೆಳಗೆ ಅವಳ ಗಂಡನ ಹೆಸರಿನ ಮೊದಲಕ್ಷರ ಮತ್ತು 7 ಎಂಬ ಅಂಕಿ ಇದೆ. ಆ ದೊರೆ 1808ರವರೆಗೂ ಬದುಕಿದ್ದ, ಬೇರೆಯವರು ಇಟ್ಟ ಕಾಗದಗಳಿಗೆ ಸಹಿ ಹಾಕುತ್ತಾ.

ಮಗ ಫ್ರೆಡರಿಕ್ 1784ರಲ್ಲಿ, ತನ್ನ 16ನೇ ವಯಸ್ಸಿಗೆ, ಮಂತ್ರಿಮಂಡಲದ ಸಭೆಯಲ್ಲೇ ತಂದೆಯ ಸಹಿ ಪಡೆದು, ತಾಯಿಯನ್ನು ಓಡಿಸಿದವರ ಕೈಯಿಂದ ಅಧಿಕಾರ ಕಿತ್ತುಕೊಂಡ. 1788ರಲ್ಲಿ ರೈತರನ್ನು ಹುಟ್ಟಿದ ಜಮೀನಿಗೇ ಕಟ್ಟಿಹಾಕುತ್ತಿದ್ದ ಕಾನೂನನ್ನು ಅವನ ಸರ್ಕಾರ ತೆಗೆದುಹಾಕಿತು. ತಾಯಿ ಕ್ರೋನ್‌ಬೋರ್ಗ್‌ನಲ್ಲಿ ಬಿಟ್ಟು ಹೋದ ಆ ಮಗು, ಲೂಯಿಸ್ ಆಗಸ್ಟಾ, ಅಣ್ಣನ ಅಕ್ಕರೆಯಲ್ಲಿ ಬೆಳೆದಳು, ಮದುವೆಯಾದಳು. 1796ರಲ್ಲಿ ಹುಟ್ಟಿದ ತನ್ನ ಮಗಳಿಗೆ ಕ್ಯಾರೊಲೈನ್ ಅಮಾಲಿಯಾ ಎಂದು ಹೆಸರಿಟ್ಟಳು. 1839ರಲ್ಲಿ ಆ ಮೊಮ್ಮಗಳು ಡೆನ್ಮಾರ್ಕಿನ ರಾಣಿಯಾದಳು.

ನಮಸ್ಕಾರ.