ಲ್ಯಾಬಿನಲ್ಲಿ ‘ಅಡ್ಜಸ್ಟ್ ಮಾಡ್ಕೊಳ್ಳಿ’ ಬೇಡ

ಬಸ್ಸಿನ ಸೀಟಿನಿಂದ ಹಿಡಿದು ಮದುವೆ ಮನೆಯ ಪಂಕ್ತಿಯವರೆಗೆ ನಮ್ಮಲ್ಲಿ ಎಲ್ಲ ಕಡೆ ನಡೆಯೋ ಮಾತು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’. ಬಸ್ಸಿನಲ್ಲಿ ಅದು ಒಳ್ಳೆಯ ಮಾತೇ. ಆದರೆ ಜೆನೆಟಿಕ್ಸ್ ಲ್ಯಾಬಿನೊಳಗೆ ಅದು ಬರಬಾರದು. ‘ಈ ಸ್ಯಾಂಪಲ್ ಆಗಲ್ಲ, ಬೇರೆ ಕಳಿಸಿ’ ಅಂತ ಟೆಕ್ನಿಷಿಯನ್ ಹೇಳಿದರೆ ಅದೇ ಕೊನೆಯ ಮಾತಾಗಬೇಕು. ವಾರ್ಡಿನಿಂದ ಡಾಕ್ಟರ್ ಫೋನ್ ಮಾಡಿದರೂ ಅಷ್ಟೇ, ಪ್ರೊಫೆಸರ್‌ಗೆ ಪೇಪರ್ ಕಳಿಸೋ ಗಡುವು ತಲೆ ಮೇಲಿದ್ದರೂ ಅಷ್ಟೇ.

ರಕ್ತದ ಟ್ಯೂಬಿನಿಂದಲೇ ನೋಡಿ. ಡಿಎನ್‌ಎ ತೆಗೆಯೋದಕ್ಕೆ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಇಡಿಟಿಎ ಹಾಕಿದ ನೇರಳೆ ಮುಚ್ಚಳದ ಟ್ಯೂಬ್ ಬೇಕು. ಕೋಶ ಬೆಳೆಸಿ ಕ್ರೋಮೋಸೋಮ್ ನೋಡೋ ಕ್ಯಾರಿಯೋಟೈಪಿಂಗ್‌ಗೆ ಅದೇ ಕೆಲಸ ಮಾಡೋ ಹೆಪಾರಿನ್ ಹಾಕಿದ ಹಸಿರು ಮುಚ್ಚಳದ ಟ್ಯೂಬ್ ಬೇಕು. ಅದಲು ಬದಲಾದರೆ ಎರಡೂ ಕೆಡುತ್ತೆ. ಹೆಪಾರಿನ್ ಡಿಎನ್‌ಎ ಜೊತೆಗೇ ಉಳಿದು, ಅದನ್ನು ನಕಲು ಮಾಡಿ ಹೆಚ್ಚಿಸೋ ಪಿಸಿಆರ್ ವಿಧಾನದ ಎನ್ಜೈಮನ್ನು ಕಟ್ಟಿಹಾಕುತ್ತೆ. ಇಡಿಟಿಎ ರಕ್ತದಲ್ಲಿ ಜೀವಕೋಶಗಳು ಸರಿಯಾಗಿ ಬೆಳೆಯಲ್ಲ. ಇನ್ನು ಕ್ಯಾರಿಯೋಟೈಪಿಂಗ್ ರಕ್ತವನ್ನು ಯಾರಾದರೂ ಫ್ರೀಜರ್‌ಗೆ ಇಟ್ಟರೆ ಅಲ್ಲಿಗೆ ಕಥೆ ಮುಗಿಯಿತು. ಸತ್ತ ಕೋಶ 37 ಡಿಗ್ರಿಯಲ್ಲಿ 72 ಗಂಟೆ ಕೂತರೂ ವಿಭಜನೆ ಆಗಲ್ಲ. ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡದೇ ಹಾಗೇ ಸ್ಟ್ಯಾಂಡಿಗಿಟ್ಟರೆ ಒಳಗೆ ಗಡ್ಡೆ ಕಟ್ಟುತ್ತೆ, ಬಿಳಿ ರಕ್ತಕಣ ಅದರಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಗಡ್ಡೆ ಪಕ್ಕದ ತಿಳಿಯನ್ನು ಹೀರಿ ‘ಹೇಗೋ ಮಾಡಿ’ ಅಂದರೆ ಬರೋದು ಚೂರುಪಾರು ಡಿಎನ್‌ಎ.

ಚೆನ್ನಾಗಿ ಬಂದ ರಕ್ತವಾದರೆ 1 ಮಿ.ಲೀ.ಗೆ ಸುಮಾರು 20ರಿಂದ 40 ಮೈಕ್ರೋಗ್ರಾಂ ಡಿಎನ್‌ಎ ಸಿಗುತ್ತೆ. ಉಪ್ಪಿನ ವಿಧಾನದಲ್ಲಿ ಕೊನೆಗೆ ತಣ್ಣನೆಯ ಎಥನಾಲ್ ಸುರಿದು ಟ್ಯೂಬನ್ನು ನಿಧಾನಕ್ಕೆ ಹೊರಳಿಸಿದಾಗ, ಹಿಂಜಿದ ಹತ್ತಿಯ ಎಳೆ ಹಾಗೆ ಬೆಳ್ಳಗೆ ಸುರುಳಿ ಸುತ್ತಿಕೊಂಡು ಮೇಲೇಳುತ್ತಲ್ಲ, ಅದೇ ಡಿಎನ್‌ಎ. ಅದನ್ನು 70 ಪರ್ಸೆಂಟ್ ಎಥನಾಲ್‌ನಲ್ಲಿ ತೊಳೆದು ಒಣಗಿಸೋವಾಗ ಕಣ್ಣು ಬೇರೆ ಕಡೆ ಹೋಗಬಾರದು. ಅತಿಯಾಗಿ ಒಣಗಿದರೆ ಬಫರ್‌ನಲ್ಲಿ ಕರಗೋದಕ್ಕೆ ದಿನಗಟ್ಟಲೆ ಸತಾಯಿಸುತ್ತೆ. ಒಣಗದೇ ಎಥನಾಲ್ ಉಳಿದರೆ ಪಿಸಿಆರ್ ಕೆಡುತ್ತೆ, ತುಣುಕುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸೋ ಜೆಲ್ಲಿನಲ್ಲಿ ಹಾಕಿದ ಸ್ಯಾಂಪಲ್ ಗುಳಿಯಲ್ಲಿ ಕೂರದೇ ತೇಲಿಹೋಗುತ್ತೆ. ಆಮೇಲೆ ಡಿಎನ್‌ಎ ಅಳೆಯೋ ನ್ಯಾನೋಡ್ರಾಪ್ ಯಂತ್ರದಲ್ಲಿ ಶುದ್ಧತೆ ತೋರಿಸೋ 260/280 ಅನುಪಾತ 1.8ರ ಹತ್ತಿರ ಬಂತು ಅಂತ ಖುಷಿಪಟ್ಟರೆ ಸಾಲದು. ಆರ್‌ಎನ್‌ಎ ಬೆರೆತಿದ್ದರೂ ಆ ಯಂತ್ರ ಅದನ್ನು ಡಿಎನ್‌ಎ ಲೆಕ್ಕಕ್ಕೇ ಸೇರಿಸುತ್ತೆ. ಹಾಗಾಗಿ 0.8 ಪರ್ಸೆಂಟ್ ಅಗರೋಸ್ ಜೆಲ್ಲಿನಲ್ಲಿ ಒಂದು ಸಲ ಕಣ್ಣಾರೆ ನೋಡಲೇಬೇಕು.

ಪಿಸಿಆರ್‌ನಲ್ಲಂತೂ ಒತ್ತಡ ಜಾಸ್ತಿ. ಲೆಕ್ಕದ ಪ್ರಕಾರ 30 ಸುತ್ತಿಗೆ ಒಂದು ಅಣು ನೂರು ಕೋಟಿ ದಾಟುತ್ತೆ. ನಿನ್ನೆಯ ಟ್ಯೂಬ್ ತೆರೆದಾಗ ಹಾರಿದ ಕಣ್ಣಿಗೆ ಕಾಣದ ಹನಿ ಇವತ್ತಿನ ರೋಗಿಯ ರಿಪೋರ್ಟ್ ಆಗಿಬಿಡಬಹುದು. ಅದಕ್ಕೇ ಪಿಸಿಆರ್‌ಗೆ ಮುಂಚಿನ ಕೋಣೆ ಬೇರೆ, ನಂತರದ ಕೋಣೆ ಬೇರೆ. ಆಚೆ ಹೋದ ಪಿಪೆಟ್, ಕೋಟು, ಪೆನ್ನು ಈಚೆ ಬರಬಾರದು. ಪ್ರತಿ ಬ್ಯಾಚಿನಲ್ಲೂ ಡಿಎನ್‌ಎ ಹಾಕದೇ ಬರೀ ನೀರು ಹಾಕಿದ ಒಂದು ಟ್ಯೂಬ್ ಇರುತ್ತೆ. ಜೆಲ್ಲಿನಲ್ಲಿ ಅದರಿಂದ ಬ್ಯಾಂಡ್, ಅಂದರೆ ಡಿಎನ್‌ಎ ಗೆರೆ, ಕಂಡರೆ ಇಡೀ ಬ್ಯಾಚ್ ಕಸಕ್ಕೆ. ‘ತೆಳುವಾಗಿ ಬಂದಿದೆ, ಪರವಾಗಿಲ್ಲ ಬಿಡಿ’ ಅನ್ನೋದನ್ನು ಒಪ್ಪಲೇಬಾರದು.

ಥಲಸೀಮಿಯಾ ಅನ್ನೋ ವಂಶಪಾರಂಪರ್ಯ ರಕ್ತದ ಕಾಯಿಲೆ ತಗೊಳ್ಳಿ. ನಮ್ಮ ದೇಶದಲ್ಲಿ ಬೀಟಾ ಥಲಸೀಮಿಯಾಗೆ ಅತಿ ಸಾಮಾನ್ಯ ಕಾರಣ ಐವಿಎಸ್ 1-5 ಅನ್ನೋ ಜಾಗದಲ್ಲಿ ಜಿ ಅಕ್ಷರ ಸಿ ಆಗೋದು. ಅದನ್ನು ಹಿಡಿಯೋಕೆ ಆರ್ಮ್ಸ್ ಪಿಸಿಆರ್ ಮಾಡ್ತಾರೆ. ಪ್ರೈಮರ್‌ನ (ಡಿಎನ್‌ಎಗೆ ಅಂಟಿ ನಕಲು ಶುರು ಮಾಡೋ ಚಿಕ್ಕ ತುಣುಕಿನ) ಕೊನೆಯ ಅಕ್ಷರ ಹೊಂದಿದರೆ ಮಾತ್ರ ಬ್ಯಾಂಡ್ ಬರಬೇಕು. ಬೆಸೆಯೋ ಉಷ್ಣಾಂಶ ಎರಡು ಮೂರು ಡಿಗ್ರಿ ಇಳಿದರೆ ಹೊಂದದ ಪ್ರೈಮರ್ ಕೂಡ ಅಂಟಿಕೊಂಡು, ಇಲ್ಲದ ಮ್ಯುಟೇಶನ್ ಇದೆ ಅಂತ ತೋರಿಸಬಹುದು. ಅದರ ಉಲ್ಟಾನೂ ಉಂಟು: ಅದೇ ಟ್ಯೂಬಿನಲ್ಲಿ 861 ಬೇಸ್‌ಪೇರ್‌ನ ಯಾವಾಗಲೂ ಬರಲೇಬೇಕಾದ ಕಂಟ್ರೋಲ್ ಬ್ಯಾಂಡ್ ಬಂದಿಲ್ಲ ಅಂದರೆ ‘ಮ್ಯುಟೇಶನ್ ಇಲ್ಲ’ ಅಂತ ಬರೆಯೋ ಹಾಗಿಲ್ಲ. ಅಲ್ಲಿ ಮ್ಯುಟೇಶನ್ ಇಲ್ಲವೋ, ಪಿಸಿಆರೇ ನಡೆದಿಲ್ಲವೋ ಯಾರಿಗೂ ಗೊತ್ತಿಲ್ಲ.

ಎಲ್ಲಕ್ಕಿಂತ ಸೂಕ್ಷ್ಮ ಕೆಲಸ ಗರ್ಭದ ಸ್ಯಾಂಪಲ್‌ದು. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ (ಜೀನಿನ ಒಂದು ಪ್ರತಿ ಮಾತ್ರ ಕೆಟ್ಟಿದ್ದರೆ) 11ರಿಂದ 13ನೇ ವಾರದ ಹೊತ್ತಿಗೆ ಕೋರಿಯಾನಿಕ್ ವಿಲ್ಲೈ, ಅಂದರೆ ಮಾಸಿನ ಎಳೆಗಳ, ಚೂರು ತೆಗೀತಾರೆ. ಅದನ್ನು ಪೆಟ್ರಿ ತಟ್ಟೆಯಲ್ಲಿ ಸಲೈನ್ ಹಾಕಿ ಮೈಕ್ರೋಸ್ಕೋಪ್ ಕೆಳಗಿಟ್ಟರೆ ವಿಲ್ಲೈ ಬೆಳ್ಳಗೆ ಕವಲೊಡೆದ ಪಾಚಿ ಹಾಗೆ, ತುದಿಯಲ್ಲಿ ಚಿಕ್ಕ ಚಿಕ್ಕ ಮೊಗ್ಗಿನ ಹಾಗೆ ಕಾಣುತ್ತೆ. ಅದಕ್ಕೆ ಅಂಟಿಕೊಂಡಿರೋ ತಾಯಿಯ ಗರ್ಭಕೋಶದ ಒಳಪದರ ಡೆಸಿಡುವಾಗೆ ಈ ಕವಲುಗಳಿಲ್ಲ, ಆಕಾರವಿಲ್ಲದ ಪೊರೆ ಹಾಗಿರುತ್ತೆ. ಎರಡು ಸೂಜಿ ಹಿಡಿದು, ಉಸಿರು ಬಿಗಿಹಿಡಿದು, ಒಂದೊಂದೇ ಎಳೆ ಬಿಡಿಸಬೇಕು. ಎರಡೂ ಪ್ರತಿ ಕೆಟ್ಟಿರೋ ಭ್ರೂಣದ ಡಿಎನ್‌ಎಗೆ ತಾಯಿಯ ಅಂಶ ಬೆರೆತರೆ, ತಾಯಿಯ ಒಳ್ಳೆಯ ಪ್ರತಿಯೂ ಫಲಿತಾಂಶದಲ್ಲಿ ಕಂಡು ‘ಮಗು ಬರೀ ವಾಹಕ, ಚಿಂತೆ ಇಲ್ಲ’ ಅಂತ ರಿಪೋರ್ಟ್ ಹೋಗುತ್ತೆ. ಹುಟ್ಟಿದ ಕೆಲವೇ ತಿಂಗಳಲ್ಲಿ ಆ ಮಗು ಬಿಳಿಚಿಕೊಳ್ಳೋಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕಾಗುತ್ತೆ. ಹಾಗಾಗಿ ತಾಯಿಯ ರಕ್ತದಲ್ಲಿರೋ, ಒಬ್ಬೊಬ್ಬರಲ್ಲೂ ಬೇರೆಯಾಗಿರೋ ಡಿಎನ್‌ಎಯ ಎಸ್‌ಟಿಆರ್ ಗುರುತುಗಳ ಜೊತೆ ಹೋಲಿಸದೇ ಒಂದು ರಿಪೋರ್ಟೂ ಹೊರಗೆ ಹೋಗಬಾರದು. ಅಂದಹಾಗೆ, ಹೆಚ್ಚಿನ ಎಸ್‌ಟಿಆರ್ ಕಿಟ್‌ಗಳಲ್ಲಿ ಅಮೆಲೋಜೆನಿನ್ ಅನ್ನೋ ಜೀನಿನ ಗುರುತೂ ಇರುತ್ತೆ, ಹೆಣ್ಣೋ ಗಂಡೋ ಅಂತ ಪರದೆ ಮೇಲೆ ಕಾಣುತ್ತೆ. 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ ಪ್ರಕಾರ ಅದನ್ನು ಹೇಳೋದು, ಬರೆಯೋದು, ಸನ್ನೆ ಮಾಡೋದೂ ಅಪರಾಧ. ಆ ಗುಟ್ಟನ್ನು ಟೆಕ್ನಿಷಿಯನ್ ತನ್ನಲ್ಲೇ ಇಟ್ಟುಕೊಳ್ಳಬೇಕು.

ಇಷ್ಟು ಹೊಣೆ ಹೊರೋರನ್ನು ನಾವು ಹೇಗೆ ನೋಡಿಕೊಳ್ಳುತ್ತೀವಿ? ಸಂಶೋಧನಾ ಲ್ಯಾಬುಗಳಲ್ಲಿ ಬಹಳಷ್ಟು ಜನ ಪ್ರಾಜೆಕ್ಟ್ ಮುಗಿಯೋವರೆಗಿನ ಗುತ್ತಿಗೆ ಮೇಲಿದ್ದಾರೆ. ಮುಂದಿನ ತಿಂಗಳ ನವೀಕರಣ ಯಾರ ಕೈಯಲ್ಲಿದೆಯೋ ಅವರಿಗೇ ‘ಆಗಲ್ಲ’ ಅನ್ನೋದು ಸುಲಭವಲ್ಲ. ಇದು ಅನ್ಯಾಯ. ತಪ್ಪು ರಿಪೋರ್ಟುಗಳು ಹುಟ್ಟೋದೂ ಇಲ್ಲಿಂದಲೇ. ಅವರು ಕೆಲಸ ಬಿಟ್ಟ ದಿನ, ಮೈನಸ್ 80ರ ಫ್ರೀಜರ್‌ನ ಯಾವ ಡಬ್ಬಿಯಲ್ಲಿ ಯಾವ ಕುಟುಂಬ ಇದೆ ಅನ್ನೋ ನೆನಪೂ ಹೋಗುತ್ತೆ.

ಒಂದು ವಾದ ಇದೆ, ಅದು ಸರಿಯಾದ ವಾದವೇ: ರಕ್ತವನ್ನಾದರೆ ಇನ್ನೊಂದು ಸಲ ತೆಗೆಯಬಹುದು, ವಿಲ್ಲೈ ಸ್ಯಾಂಪಲ್ ತಿರಸ್ಕರಿಸಿದರೆ ಆ ತಾಯಿಗೆ ಮತ್ತೆ ಸೂಜಿ, ಮತ್ತೆ ಗರ್ಭಪಾತದ ಅಪಾಯ. ಅದಕ್ಕೇ ಟೆಕ್ನಿಷಿಯನ್‌ನ್ನು ಲ್ಯಾಬಿನೊಳಗೇ ಕೂರಿಸಬೇಡಿ, ಸ್ಯಾಂಪಲ್ ತೆಗೆಯೋ ಕೋಣೆಗೇ ಕರೆಸಿ. ಪಕ್ಕದ ಮೇಜಿನ ಮೇಲೆ ಮೈಕ್ರೋಸ್ಕೋಪ್ ಇರಲಿ. ತಾಯಿ ಇನ್ನೂ ಮಲಗಿರುವಾಗಲೇ ತಟ್ಟೆ ನೋಡಿ ‘ವಿಲ್ಲೈ ಸಾಕಷ್ಟಿದೆ’ ಅಂತ ಟೆಕ್ನಿಷಿಯನ್ ಹೇಳಿದ ಮೇಲೇ ಡಾಕ್ಟರ್ ಗ್ಲೌಸ್ ಬಿಚ್ಚಲಿ.