ಟೋಪಿಯ ಕೆಳಗಿನ ಮುಖ

ಕೇಳುಗರೇ, ನಮಸ್ಕಾರ.

ಭಾನುವಾರ ಸಂಜೆ ದೂರದರ್ಶನದಲ್ಲಿ ಹಿಂದಿ ಸಿನಿಮಾ ಬರುತ್ತಿದ್ದ ಕಾಲ. ನಮ್ಮಜ್ಜಿಗೆ ಹಿಂದಿ ಒಂದಕ್ಷರವೂ ಬರುತ್ತಿರಲಿಲ್ಲ. ಆದರೂ ಒಂದು ಮುಖ ಕಂಡ ಕೂಡಲೇ, "ಬಂದ ನೋಡು ಪೊಲೀಸಪ್ಪ" ಎನ್ನುತ್ತಿದ್ದಳು. ಆ ಪೊಲೀಸಪ್ಪನ ಹೆಸರು ಇಫ್ತೆಖಾರ್ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಹೀಗೆ ಮತ್ತೆ ಮತ್ತೆ ಪೊಲೀಸ್ ವೇಷ ಹಾಕಿದ ನಟರಲ್ಲಿ ಜಗದೀಶ್ ರಾಜ್ ಅವರದು ದೊಡ್ಡ ಲೆಕ್ಕ. ನಟಿ ಅನಿತಾ ರಾಜ್ ಅವರ ತಂದೆ. 144 ಚಿತ್ರಗಳಲ್ಲಿ ಪೊಲೀಸ್ ಅಧಿಕಾರಿಯಾಗಿ ಗಿನ್ನೆಸ್ ದಾಖಲೆಗೆ ಸೇರಿದರು. 2013ರಲ್ಲಿ ತೀರಿಕೊಂಡರು.

ಒಬ್ಬರನ್ನೇ ಮತ್ತೆ ಮತ್ತೆ ಯಾಕೆ ಕರೆಯುತ್ತಾರೆ? ದೃಶ್ಯವಿರುವುದು ಎರಡೇ ನಿಮಿಷ. ಹೊಸಬರು ಬಂದರೆ ಇವನು ನಂಬಿಗಸ್ತನೋ ಲಂಚಕೋರನೋ ಎಂದು ನೋಡುವವರು ತಡವರಿಸುತ್ತಾರೆ. ಕಂಡ ಮುಖವಾದರೆ ಜೀಪಿನಿಂದ ಇಳಿದ ಕೂಡಲೇ ಕಥೆ ಮುಂದೆ ಸಾಗುತ್ತದೆ. ನಿರ್ಮಾಪಕರಿಗೆ ಅನುಕೂಲ, ನಟರಿಗೆ ಕೈತುಂಬ ಕೆಲಸ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಮುಖದ ಹಿಂದೆ ಇದ್ದದ್ದನ್ನು ನಾವು ಕೇಳಲೇ ಇಲ್ಲವಲ್ಲ ಎಂಬ ಸಂಕಟ ನನ್ನದು.

ಇಫ್ತೆಖಾರ್ ಮನೆ ಬಿಟ್ಟು ಹೊರಟದ್ದು ಹಾಡುಗಾರನಾಗಲು. ಆ ಕಾಲದ ಹೆಸರಾಂತ ಗಾಯಕ ಸೈಗಲ್ ಅವರ ಹಾಡಿಗೆ ಮನಸೋತು ಕಲ್ಕತ್ತೆಗೆ ಹೋಗಿ ಗ್ರಾಮಫೋನ್ ಕಂಪನಿಯವರೆದುರು ಹಾಡಿದವರು. ನಟನೆ ಒಲಿಯಿತು, ಮುಂದೆ ಬೊಂಬಾಯಿ. 1969ರ 'ಇತ್ತೆಫಾಕ್'ನಲ್ಲಿ ಇನ್‌ಸ್ಪೆಕ್ಟರ್, 1973ರ 'ಜಂಜೀರ್'ನಲ್ಲಿ ಕಮಿಷನರ್, 1978ರ 'ಡಾನ್'ನಲ್ಲಿ ಡಿ.ಎಸ್.ಪಿ. ಆ ದನಿಯನ್ನು ಗಮನಿಸಿ ಕೇಳಿ. ಕೂಗಾಟವಿಲ್ಲ, ಮೇಜು ಕುಟ್ಟುವುದಿಲ್ಲ. ಉರ್ದು ಮಾತು ತಣ್ಣಗೆ, ಅಳೆದು ಇಟ್ಟ ಹಾಗೆ ಬರುತ್ತದೆ. ಹಾಡುಗಾರನ ಉಸಿರಿನ ಹಿಡಿತ ಅದು ಎಂದೇ ನಾನು ನಂಬಿದ್ದೇನೆ.

1975ರ 'ದೀವಾರ್'ನಲ್ಲಿ ಅವರಿಗೆ ಖಾಕಿ ಇಲ್ಲ. ಅವರು ದಾವರ್, ಕಳ್ಳಸಾಗಣೆಯ ಧಣಿ. ಬೂಟು ಪಾಲಿಶ್ ಮಾಡುವ ಹುಡುಗ, ಎಸೆದ ಕಾಸು ಮುಟ್ಟುವುದಿಲ್ಲ, ಕೈಗೆ ಕೊಡಿ ಎನ್ನುತ್ತಾನೆ. ದಾವರ್ ಸಿಟ್ಟಾಗುವುದಿಲ್ಲ. ಹುಡುಗನನ್ನು ದಿಟ್ಟಿಸಿ ನೋಡುತ್ತಾನೆ. ಆ ನೋಟದಲ್ಲಿ ಮೆಚ್ಚುಗೆಯೂ ಇದೆ, ಮುಂದೆ ಇವನು ಉಪಯೋಗಕ್ಕೆ ಬಂದಾನು ಎಂಬ ವ್ಯಾಪಾರಿಯ ಲೆಕ್ಕವೂ ಇದೆ. ಎರಡನ್ನೂ ಒಂದೇ ಕಣ್ಣಲ್ಲಿ ಇಡುವುದು ದೊಡ್ಡ ನಟನ ಕೆಲಸ.

ನಮ್ಮಜ್ಜಿ ಮಾತ್ರ ಅದನ್ನು ಒಪ್ಪಲೇ ಇಲ್ಲ. "ಅವ್ನು ವೇಷ ಮರೆಸ್ಕೊಂಡು ಬಂದವ್ನೆ, ಕೊನೇಗೆ ಎಲ್ಲಾರ್ನೂ ಹಿಡೀತಾನೆ ಇರು" ಎಂದು ಮುಗಿಯುವವರೆಗೂ ಕಾದು ಕೂತಿದ್ದಳು.

ಇಫ್ತೆಖಾರ್ ಚಿತ್ರಕಲೆಯನ್ನೂ ಕಲಿತವರು. ಹಿಂದಿಯ ಹಿರಿಯ ನಟ ಅಶೋಕ್ ಕುಮಾರ್ ಅವರಿಗೆ ಕುಂಚ ಹಿಡಿಯಲು ಕಲಿಸಿದ ಗುರು, ಈ ಪೊಲೀಸಪ್ಪನೇ.

ನಮಸ್ಕಾರ.